ಕರಾವಳಿಯಲ್ಲೊಂದು ಖುಕುರಿ ಸಾಕುವುದು

ನೇಪಾಳದ ಬಾಗಿದ ಕತ್ತಿಯಾದ ಖುಕುರಿಯನ್ನು ತಂದವರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸ, ಅದನ್ನು ಒರೆಗೆ ಸೇರಿಸಿ ಹಾಲ್‌ನ ಗೋಡೆಗೆ ತೂಗುಹಾಕುವುದು. ಕಠ್ಮಂಡುವಿನ ಒಣ ಚಳಿಗಾಲದಲ್ಲಿ ಅದಕ್ಕೇನೂ ಆಗಲಿಕ್ಕಿಲ್ಲ. ಮಂಗಳೂರು, ಉಡುಪಿ ಕಡೆ ಜೂನ್‌ನಲ್ಲಿ ಹಾಗೆ ತೂಗಿದ್ದನ್ನು ಚೌತಿಗೆ ಇಳಿಸಿ ಎಳೆದು ನೋಡಿ: ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಜೋರಾಗಿ ಎಳೆದರೆ ಕೆಂಪು ಪುಡಿ ಉದುರಿಸಿಕೊಂಡು ಹೊರಗೆ ಬರುತ್ತದೆ. ಈ ಊರಿನಲ್ಲಿ ಖುಕುರಿ ಹಾಳಾಗುವುದು ಕೆಲಸದಿಂದಲ್ಲ, ಒರೆಯಿಂದ. ಹಿತ್ತಲಿಗೆ ಇಳಿದು ಮಡಲು ಕಡಿಯುವ ಖುಕುರಿ ಗೋಡೆಯ ಖುಕುರಿಗಿಂತ ಹೆಚ್ಚು ಕಾಲ ಬಾಳುತ್ತದೆ, ಏಕೆಂದರೆ ಅದನ್ನು ವಾರಕ್ಕೊಮ್ಮೆಯಾದರೂ ಯಾರಾದರೂ ಒರೆಸಿ ಎಣ್ಣೆ ಕಾಣಿಸಿರುತ್ತಾರೆ.

ಗೂರ್ಖಾ ಪಡೆಗಳಿಂದಾಗಿ ಅದು ಯುದ್ಧದ ಆಯುಧವೆಂದೇ ನಮ್ಮ ಮಂಡೆಯಲ್ಲಿ ಕೂತಿದೆ. 1814ರಿಂದ 1816ರವರೆಗಿನ ಆಂಗ್ಲ-ನೇಪಾಳ ಯುದ್ಧದಲ್ಲಿ ಬ್ರಿಟಿಷರು ಅದರ ಏಟು ತಿಂದರು, ಆಮೇಲೆ ಅದೇ ಗೂರ್ಖರನ್ನು ತಮ್ಮ ಸೈನ್ಯಕ್ಕೆ ಸೇರಿಸಿಕೊಂಡರು. ಇವತ್ತೂ ಭಾರತೀಯ ಸೇನೆಯಲ್ಲಿ ಏಳು ಗೂರ್ಖಾ ರೈಫಲ್ಸ್ ರೆಜಿಮೆಂಟುಗಳಿವೆ. ಆದರೆ ನೇಪಾಳದ ಗುಡ್ಡಗಾಡಿನ ಮನೆಯಲ್ಲಿ ಖುಕುರಿಯ ದಿನಚರಿ ಬೇರೆ. ಸೌದೆ ಸಿಗಿಯುವುದು, ದನಕ್ಕೆ ಸೊಪ್ಪು ಕಡಿಯುವುದು, ಬಿದಿರು ಸೀಳುವುದು, ಅಚಾನೊ ಎಂಬ ಮರದ ದಿಮ್ಮಿಯ ಮೇಲೆ ಮಾಂಸ ಕೊಚ್ಚುವುದು. ಅಲ್ಲಿಯ ಅಡುಗೆಮನೆಯಲ್ಲಿ ಚುಲೇಸಿ ಅಂತ ಒಂದಿದೆ, ಕಾಲಲ್ಲಿ ಮೆಟ್ಟಿ ಹಿಡಿದು ತರಕಾರಿ ಹೆಚ್ಚುವ ನಿಂತ ಅಲಗು. ನಮ್ಮ ಮೆಟ್ಟುಕತ್ತಿಯ ಖಾಸಾ ದಾಯಾದಿ. ಒರೆಯಿಂದ ತೆಗೆದ ಮೇಲೆ ರಕ್ತ ಕಾಣಿಸದೆ ವಾಪಸ್ ಇಡಬಾರದು ಎಂಬ ಮಾತು ಬರೀ ಬೊಗಳೆ. ಹಾಗಿದ್ದರೆ ಸೌದೆ ಕಡಿಯುವ ಅಜ್ಜಿಯಂದಿರ ಬೆರಳು ಒಂದೂ ಉಳಿಯುತ್ತಿರಲಿಲ್ಲ ಮಾರಾಯ್ರೆ.

ಖುಕುರಿ ಮಾಡುವವರು ಕಾಮಿ ಎಂಬ ಜಾತಿಯವರು, ಅಲ್ಲಿಯ ಕಮ್ಮಾರರು. ಬಿಶ್ವಕರ್ಮ ಎಂಬ ಅಡ್ಡಹೆಸರು ಇಟ್ಟುಕೊಳ್ಳುತ್ತಾರೆ, ನಮ್ಮ ಆಚಾರಿಗಳು ವಿಶ್ವಕರ್ಮರೆಂದು ಹೇಳಿಕೊಳ್ಳುವ ಹಾಗೆಯೇ. ಸ್ಥಾನಮಾನ ಮಾತ್ರ ಒಂದೇ ಅಲ್ಲ. ನೇಪಾಳದ 1854ರ ಕಾನೂನು ಸಂಹಿತೆ ಮುಲುಕಿ ಐನ್ ಕಾಮಿಗಳನ್ನು ಅಸ್ಪೃಶ್ಯರ ಪಟ್ಟಿಗೆ ಹಾಕಿತ್ತು, 1963ರ ಹೊಸ ಸಂಹಿತೆ ಬರುವವರೆಗೆ ಅದು ಕಾನೂನಾಗಿಯೇ ಇತ್ತು. ದೇಶದ ಹೆಮ್ಮೆಯ ಲಾಂಛನ ತಯಾರಿಸಿದ ಕೈಯಿಂದ ನೀರು ಮುಟ್ಟಿಸಿಕೊಳ್ಳದಿದ್ದ ಸಮಾಜ ಅದು. ಪೂರ್ವ ನೇಪಾಳದ ಭೋಜಪುರ, ಧರಾನ್, ಚೈನಪುರ ಈ ಕಸುಬಿಗೆ ಹೆಸರಾದ ಊರುಗಳು.

ಕಬ್ಬಿಣ ಎಲ್ಲಿಂದ ಎಂದು ಕೇಳಿದರೆ ಉತ್ತರ ನಮಗೆ ಹೊಸದಲ್ಲ: ಲಾರಿಯ ಕಮಾನುಪಟ್ಟಿ. ನಮ್ಮ ಆಚಾರಿಗಳು ಕತ್ತಿಗೆ ಬಳಸುವುದೂ ಅದನ್ನೇ. ಆ ಉಕ್ಕು ಹೆಚ್ಚಾಗಿ 5160 ಜಾತಿಯದ್ದು, ಸುಮಾರು 0.6 ಶೇಕಡಾ ಇಂಗಾಲ, 0.8 ಶೇಕಡಾ ಕ್ರೋಮಿಯಂ. ಸ್ಟೇನ್‌ಲೆಸ್ ಆಗಲು ಕ್ರೋಮಿಯಂ ಕನಿಷ್ಠ ಹತ್ತೂವರೆ ಶೇಕಡಾ ಬೇಕು, ಹಾಗಾಗಿ ಇದು ತುಕ್ಕು ಹಿಡಿಯುವ ಉಕ್ಕೇ. ವ್ಯತ್ಯಾಸ ಇರುವುದು ಹದ ಹಾಕುವ ಕ್ರಮದಲ್ಲಿ. ಕಾಮಿ ಅಲಗನ್ನು ಕಾಯಿಸಿ ಕೆಂಪಾದ ಮೇಲೆ ಇಡಿಯಾಗಿ ನೀರಿಗೆ ಅದ್ದುವುದಿಲ್ಲ. ಚಹಾದ ಕೆಟಲಿನಂಥ ಮೂತಿಯ ಪಾತ್ರೆಯಿಂದ ಸಣ್ಣ ಧಾರೆಯಾಗಿ ಬಾಯಿಯ, ಅಂದರೆ ಹರಿತದ ಅಂಚಿನ, ಉದ್ದಕ್ಕೆ ಮಾತ್ರ ನೀರು ಹೊಯ್ಯುತ್ತಾನೆ, ಅಲಗು ಅಗಲವಾಗುವ ಹೊಟ್ಟೆಯ ಭಾಗಕ್ಕೆ ಹೆಚ್ಚು, ತುದಿಗೂ ಬುಡಕ್ಕೂ ಕಡಿಮೆ. ಬಾಯಿ ಗಟ್ಟಿಯಾಗುತ್ತದೆ, ದಪ್ಪ ಬೆನ್ನು ಮೆತ್ತಗೇ ಉಳಿಯುತ್ತದೆ. ಬೆನ್ನಿನಲ್ಲಿ ಉಳಿದ ಬಿಸಿ ನಿಧಾನಕ್ಕೆ ಬಾಯಿಗೆ ಹರಿದು ಅದರ ಪೆಡಸುತನವನ್ನು ಸ್ವಲ್ಪ ಇಳಿಸುತ್ತದೆ. ಥರ್ಮಾಮೀಟರಿಲ್ಲ, ಟೈಮರಿಲ್ಲ. ಲೋಹದ ಬಣ್ಣ ನೋಡಿ ಧಾರೆ ನಿಲ್ಲಿಸುವ ಕಣ್ಣಿಗೇ ನೀವು ದುಡ್ಡು ಕೊಡುವುದು.

ಈ ಕಾರಣಕ್ಕೆ ಒಂದು ಎಚ್ಚರಿಕೆ. ಮೊಂಡಾದ ಕತ್ತಿಯನ್ನು ಆಚಾರಿ ಕೊಟ್ಟಿಗೆಗೆ ಕೊಟ್ಟು ಕಾಯಿಸಿ ಬಡಿಸಿಕೊಂಡು ಬರುವುದು ನಮ್ಮಲ್ಲಿ ರೂಢಿ. ಖುಕುರಿಯನ್ನು ಹಾಗೆ ಕೊಡಬೇಡಿ. ಕುಲುಮೆಗೆ ಇಟ್ಟ ಕ್ಷಣವೇ ಕಾಮಿ ಹಾಕಿದ ಹದ ಹೋಯಿತು. ಮತ್ತೆ ಹದ ಹಾಕಲು ಇಡೀ ಅಲಗನ್ನು ನೀರಿನಲ್ಲಿ ಅದ್ದಿದರೆ, ಅದು ಎಣ್ಣೆಯಲ್ಲಿ ತಣಿಸಬೇಕಾದ ಉಕ್ಕಾದ್ದರಿಂದ, ಕಚ್ಚಿನ ಹತ್ತಿರ ಬಿರುಕು ಬಿಡುವ ಸಂಭವ ಜಾಸ್ತಿ.

ಕಚ್ಚು ಅಂದರೆ ಹಿಡಿಯ ಮುಂದೆ ಬಾಯಿಯ ಬುಡದಲ್ಲಿರುವ ಆ ಸಣ್ಣ ಗಾಯದಂಥದ್ದು, ನೇಪಾಳಿಯಲ್ಲಿ ಕೌಡಿ. ಹಸುವಿನ ಗೊರಸು, ಶಿವನ ತ್ರಿಶೂಲ, ರಸ ಹಿಡಿಗೆ ಇಳಿಯದಂತೆ ತಡೆಯುವ ಉಪಾಯ, ಹೀಗೆ ಹೇಳುವವರು ಹೇಳಿದಷ್ಟು ಅರ್ಥ. ಒರೆಸುವವರಿಗೆ ಮುಖ್ಯವಾದದ್ದು ಇಷ್ಟೇ: ಬಟ್ಟೆ ಅದರೊಳಗೆ ಹೋಗುವುದಿಲ್ಲ, ತುಕ್ಕು ಶುರುವಾಗುವುದು ಅಲ್ಲಿಂದಲೇ. ಎಣ್ಣೆಯಲ್ಲಿ ಅದ್ದಿದ ದಪ್ಪ ಹತ್ತಿ ನೂಲನ್ನು ಕಚ್ಚಿನೊಳಗೆ ಹಾಯಿಸಿ ನಾಲ್ಕು ಸಲ ಎಳೆದರೆ ಕೆಲಸ ಮುಗಿಯಿತು.

ಕೊಳ್ಳುವಾಗ ನೋಡಬೇಕಾದದ್ದು ಹೊಳಪನ್ನಲ್ಲ. ಕನ್ನಡಿಯಂತೆ ಪಾಲಿಶ್ ಮಾಡಿದ್ದು, ಒರೆಗೆ ಸಿಂಹದ ಮುಖವೋ ಪಶುಪತಿನಾಥನ ಚಿತ್ರವೋ ಅಂಟಿಸಿದ್ದು ಹೆಚ್ಚಾಗಿ ಪ್ರವಾಸಿಗರಿಗೆಂದೇ ಮಾಡಿದ ಸಾಮಾನು. ಅಲಗಿನ ಬೆನ್ನನ್ನು ಕಣ್ಣಿನ ನೇರಕ್ಕೆ ಹಿಡಿದು ಹಿಡಿಯಿಂದ ತುದಿಗೆ ನೋಡಿ, ಸೊಟ್ಟ ಇದ್ದರೆ ತಕ್ಷಣ ಕಾಣುತ್ತದೆ. ಹಿಡಿಯ ಹತ್ತಿರ ಬೆನ್ನು 8ರಿಂದ 10 ಮಿಲಿಮೀಟರ್ ದಪ್ಪ ಇರಬೇಕು, 4 ಮಿಲಿಮೀಟರ್ ಇದ್ದರೆ ಅದು ತಗಡು ಕೊರೆದು ಮಾಡಿದ ಆಟಿಕೆ. ಹಿಡಿಯನ್ನು ಬಿಗಿಯಾಗಿ ಹಿಡಿದು ಅಂಗೈಯಿಂದ ಬೆನ್ನಿಗೆ ತಟ್ಟಿ: ಗಟ್ಟಿ ಕೂತದ್ದು ಒಂದೇ ಸ್ವರ ಕೊಡುತ್ತದೆ, ಸಡಿಲವಾದದ್ದು ಒಳಗೆ ಟಕಟಕ ಅನ್ನುತ್ತದೆ. ಆಮೇಲೆ ಸಣ್ಣ ಮೂರುಮೂಲೆ ಅರ ತೆಗೆದುಕೊಂಡು ಬಾಯಿಯ ಮೇಲೆ ಹಗುರಾಗಿ ಎಳೆಯಬೇಕು. ಹೊಟ್ಟೆಯ ಭಾಗದಲ್ಲಿ ಅರ ಕಚ್ಚದೆ ಜಾರಬೇಕು, ಕಚ್ಚಿನ ಹತ್ತಿರ ಬಂದಂತೆ ನಿಧಾನಕ್ಕೆ ಕಚ್ಚತೊಡಗಬೇಕು. ಇಡೀ ಬಾಯಿಯ ಉದ್ದಕ್ಕೆ ಅರ ಬೆಣ್ಣೆಯಲ್ಲಿ ಹೋದಂತೆ ಹೋದರೆ ಹದವೇ ಹಾಕಿಲ್ಲ ಎಂದರ್ಥ, ಅದನ್ನು ಅಲ್ಲೇ ಬಿಟ್ಟು ಬನ್ನಿ.

ಜಾತಿಗಳು ಹತ್ತಾರು. ಸಿರುಪಾತೆ ತೆಳ್ಳಗೆ ಉದ್ದ, ಸಿರು ಹುಲ್ಲಿನ ಎಲೆಯ ಆಕಾರ. ಕಳೆ, ಬಳ್ಳಿ ಸವರಲು ಚೆನ್ನ, ಗಟ್ಟಿ ಮರಕ್ಕೆ ಹಗುರಾಯಿತು. ಭೋಜಪುರೆಗೆ ಹೊಟ್ಟೆ ದಪ್ಪ, 700 ಗ್ರಾಂ ದಾಟಿದ್ದೂ ಸಿಗುತ್ತದೆ, ಹತ್ತು ನಿಮಿಷದಲ್ಲಿ ಮುಂಗೈ ಸೋಲುತ್ತದೆ. ಆಂಗಖೋಲಾದ ಬಾಗಿನ ಹತ್ತಿರ ಬೆನ್ನ ಪಕ್ಕದಲ್ಲೊಂದು ಗುಳಿ ತೆಗೆದಿರುತ್ತಾರೆ, ದಪ್ಪ ಉಳಿಸಿಕೊಂಡು ತೂಕ ಇಳಿಸಲು. ಕೋಥಿಮೋರಾ ಬೆಳ್ಳಿ ಕೆಲಸದ ಒರೆಯದ್ದು, ಅದು ಕಪಾಟಿಗೇ ಸರಿ. ತೆಂಗು, ಅಡಿಕೆ, ಹಲಸು ಇರುವ ನಮ್ಮ ಹಿತ್ತಲಿಗೆ 10 ಇಂಚಿನ ಅಲಗಿನ, 500ರಿಂದ 600 ಗ್ರಾಂ ತೂಗುವ ಆಂಗಖೋಲಾ ಸಾಕು. ಹಿಡಿಯಲ್ಲಿ ಎರಡು ಕ್ರಮ. ಒಂದರಲ್ಲಿ ಅಲಗಿನ ಬಾಲ ಚೂಪಾಗಿ ಹಿಡಿಯೊಳಗೆ ಹೋಗಿ ಲಾಹಾ ಎಂಬ ಅರಗಿನ ಅಂಟಿನಲ್ಲಿ ಕೂತಿರುತ್ತದೆ. ಇನ್ನೊಂದು ಪನಾವಲ್, ಬಾಲ ಹಿಡಿಯಷ್ಟೇ ಅಗಲ, ಎರಡೂ ಕಡೆ ಮರದ ಹಲಗೆ ಇಟ್ಟು ರಿವೆಟ್ ಹೊಡೆದದ್ದು. ಒರಟು ಕೆಲಸಕ್ಕೆ ಪನಾವಲ್. ಆದರೆ ಮೊದಲನೆಯದು ಕೈಗೆ ಕಡಿಮೆ ಅದುರುತ್ತದೆ, ಅದರ ಅಭಿಮಾನಿಗಳೂ ಕಡಿಮೆಯೇನಿಲ್ಲ.

ಹೊರಗೆ ಎಳೆಯುವುದನ್ನು ಕಲಿಯದೆ ಯಾರೂ ಒರೆಗೆ ಕೈ ಹಾಕಬಾರದು. ಒರೆ, ಅಂದರೆ ದಾಪ್, ಎರಡು ತೆಳು ಮರದ ಸೀಳು ಸೇರಿಸಿ ಮೇಲೆ ಎಮ್ಮೆ ಚರ್ಮ ಹೊಲಿದದ್ದು. ಬಾಯಿಯ ಕಡೆಯ ಜೋಡಣೆ ಬಾಗಿದ ಅಲಗು ಉಜ್ಜಿ ಉಜ್ಜಿ ಸವೆದಿರುತ್ತದೆ. ಒರೆಯನ್ನು ಮುಷ್ಟಿಯಲ್ಲಿ ಸುತ್ತ ಹಿಡಿದು ಎಳೆದರೆ ಅಲಗು ಜೋಡಣೆ ಸೀಳಿಕೊಂಡು ಬೆರಳಿಗೆ ಬರುತ್ತದೆ. ಒರೆಯ ಬೆನ್ನಿನ ಕಡೆ ಅಂಗೈ ಇಟ್ಟು, ಬೆರಳುಗಳನ್ನು ಚಪ್ಪಟೆ ಬದಿಗಳಲ್ಲಿ ಮಾತ್ರ ಒತ್ತಿ, ಬಾಯಿಯ ಕಡೆ ಒಂದು ಬೆರಳೂ ದಾಟದಂತೆ ಹಿಡಿಯಬೇಕು. ಅಲಗಿನ ಬೆನ್ನು ಒರೆಯ ಬೆನ್ನಿಗೆ ಒತ್ತಿಕೊಂಡೇ ಜಾರುವಂತೆ, ಬಾಗಿಗೆ ತಕ್ಕಂತೆ ಮಣಿಕಟ್ಟು ತಿರುಗಿಸುತ್ತಾ ಎಳೆಯಬೇಕು. ಸಿಕ್ಕಿಕೊಂಡರೆ ಜಗ್ಗಬೇಡಿ. ಮಳೆಗಾಲಕ್ಕೆ ಮರ ಉಬ್ಬಿರುತ್ತದೆ, ಫ್ಯಾನಿನ ಕೆಳಗೆ ಒಂದೆರಡು ದಿನ ಇಟ್ಟು ನೋಡಿ.

ಇನ್ನು ಮಳೆಗಾಲ. ಕಡಲ ಗಾಳಿಯ ಉಪ್ಪು ಎಲ್ಲ ಲೋಹದ ಮೇಲೂ ಕಣ್ಣಿಗೆ ಕಾಣದಷ್ಟು ತೆಳುವಾಗಿ ಕೂತಿರುತ್ತದೆ. ಗಾಳಿಯ ತೇವಾಂಶ 75 ಶೇಕಡಾ ದಾಟಿದರೆ ಆ ಉಪ್ಪು ತಾನಾಗಿ ನೀರೆಳೆದು ಕರಗುತ್ತದೆ, ಅಲಗಿನ ಮೇಲೊಂದು ಉಪ್ಪುನೀರಿನ ಪೊರೆ ಸಿದ್ಧ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ತೇವಾಂಶ ಆ ಗೆರೆಯಿಂದ ಕೆಳಗಿಳಿಯುವುದೇ ಅಪರೂಪ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಮಳೆ ಹೊಯ್ಯುವ ಊರಲ್ಲಿ ಚರ್ಮದ ಒರೆ ಒದ್ದೆ ಬಟ್ಟೆಯ ಕೆಲಸವನ್ನೇ ಮಾಡುತ್ತದೆ: ತೇವ ಹೀರಿಕೊಂಡು ಬಿಡುವುದಿಲ್ಲ, ಚರ್ಮ ಹದಮಾಡಿದ ಆಮ್ಲ, ಲವಣಗಳೂ ಅದರ ಜೊತೆಗೆ ಸೇರುತ್ತವೆ. ಆದ್ದರಿಂದ ಮುಖ್ಯ ನಿಯಮ, ಮಳೆಗಾಲದ ನಾಲ್ಕು ತಿಂಗಳು ಅಲಗು ಬೇರೆ, ಒರೆ ಬೇರೆ.

ಅಲಗಿಗೆ ಬೇಸಗೆಯಲ್ಲಿ ಕೊಬ್ಬರಿ ಎಣ್ಣೆ ಧಾರಾಳ ಸಾಕು. ಅದು ಸಾಸಿವೆ ಎಣ್ಣೆಯಂತೆ ಒಣಗಿ ಅಂಟಂಟಾಗುವುದಿಲ್ಲ, ತಿನ್ನುವುದಕ್ಕೂ ಬಾಧಕವಿಲ್ಲ. ಗಾಣದಿಂದ ಹೊಸದಾಗಿ ತಂದ ಎಣ್ಣೆಯಲ್ಲಿ ನೀರಿನ ಪಸೆ ಇರಬಹುದು, ಚಿಟಪಟ ನಿಲ್ಲುವವರೆಗೆ ಕಾಯಿಸಿ ಆರಿಸಿ ಬಳಸಿ. ಮಳೆಗಾಲಕ್ಕೆ ಬರೀ ಎಣ್ಣೆ ಸಾಲದು, ಇಳಿದು ಹೋಗುತ್ತದೆ. ಸುಳ್ಯ, ಪುತ್ತೂರು ಕಡೆಯ ಜೇನು ಸಾಕುವವರಲ್ಲಿ ಶುದ್ಧ ಜೇನುಮೇಣ ಸಿಗುತ್ತದೆ. 25 ಗ್ರಾಂ ಮೇಣಕ್ಕೆ 75 ಮಿಲಿಲೀಟರ್ ಕೊಬ್ಬರಿ ಎಣ್ಣೆ ಸೇರಿಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಡಬ್ಬಿಗೆ ಹೊಯ್ದು ಆರಲು ಬಿಡಿ. ನೇರ ಉರಿಗೆ ಇಟ್ಟರೆ ಮೇಣಕ್ಕೆ ಬೆಂಕಿ ಹಿಡಿಯಬಹುದು. ಈ ಲೇಪವನ್ನು ಬೆರಳಲ್ಲಿ ತೆಗೆದು ಅಲಗಿಗೆ, ಹಿಡಿಗೆ, ಹಿಡಿಯ ಹಿತ್ತಾಳೆಗೆ ತೆಳ್ಳಗೆ ಉಜ್ಜಿದರೆ ಎರಡು ಮೂರು ವಾರ ತಡೆಯುತ್ತದೆ. ಉಜ್ಜುವ ಮೊದಲು ಅಲಗನ್ನು ಸಿಹಿನೀರಲ್ಲಿ ಒರೆಸಿ ಚೆನ್ನಾಗಿ ಒಣಗಿಸಲೇಬೇಕು, ಇಲ್ಲದಿದ್ದರೆ ಉಪ್ಪನ್ನೂ ಸೇರಿಸಿ ಮುಚ್ಚಿಟ್ಟಂತೆ. ಲೇಪ ಹಚ್ಚಿದ ಅಲಗಿಗೆ ಬಿಗಿ ಮುಚ್ಚಳದ ಉದ್ದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ 100 ಗ್ರಾಂ ಸಿಲಿಕಾ ಜೆಲ್. ಬಣ್ಣ ಬದಲಾದಾಗ ಜೆಲ್ಲನ್ನು ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಗಂಟೆ ಇಟ್ಟರೆ ಮತ್ತೆ ಬಳಕೆಗೆ ಬರುತ್ತದೆ. ಹಳೆ ಪೇಪರಿನಲ್ಲಿ ಸುತ್ತಿಡುವ ಬುದ್ಧಿವಂತಿಕೆ ಬೇಡ, ಪೇಪರ್ ನೀರು ಕುಡಿಯುತ್ತದೆ.

ಒರೆಯ ಮೇಲೆ ಬೂಷ್ಟು ಬಂದರೆ ಗಾಬರಿಯಾಗಬೇಡಿ. ವಿನೆಗರ್ ಮತ್ತು ನೀರು ಸಮಪಾಲು ಬೆರೆಸಿ, ಹಿಂಡಿದ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಗಾಳಿಗೆ ಒಣಗಿಸಿ. ಬಿಸಿಲಿಗೆ ಇಟ್ಟರೆ ಚರ್ಮ ಮುದುಡಿ ಹೊಲಿಗೆ ಬಿಡುತ್ತದೆ. ಒರೆಯೊಳಗೆ ಎಣ್ಣೆ ಹೊಯ್ಯುವ ಅಭ್ಯಾಸ ಕೆಲವರಿಗಿದೆ, ಅದು ಧೂಳನ್ನು ಹಿಡಿದುಕೊಂಡು ಅಲಗಿಗೆ ಮರಳುಕಾಗದದ ಹಾಗೆ ಗೀರು ಹಾಕುತ್ತದೆ.

ಅಲಗಿನ ಮೇಲೆ ಬರುವ ಕಪ್ಪು, ಬೂದು ಕಲೆ ತುಕ್ಕಲ್ಲ, ಅದನ್ನು ಬಿಟ್ಟುಬಿಡಿ, ಅಲ್ಪಸ್ವಲ್ಪ ರಕ್ಷಣೆಯನ್ನೇ ಕೊಡುತ್ತದೆ. ತೆಗೆಯಬೇಕಾದದ್ದು ಕೆಂಪು. 600 ನಂಬರಿನ ಮರಳುಕಾಗದಕ್ಕೆ ಎಣ್ಣೆ ಹಾಕಿ ಅಲಗಿನ ಉದ್ದಕ್ಕೆ, ಅಡ್ಡಕ್ಕಲ್ಲ, ಉಜ್ಜಿದರೆ ಹೋಗುತ್ತದೆ. ದೇವರ ಪಾತ್ರೆ ಬೆಳಗಿದ ಹಾಗೆ ಹುಣಸೆಹುಳಿ ಹಾಕಿ ತಿಕ್ಕುವವರಿದ್ದಾರೆ. ಹಿಡಿಯ ಹಿತ್ತಾಳೆಗೆ ಅದು ಸರಿ. ಉಕ್ಕಿಗೆ ಹಾಕಿದರೆ ಆ ಹೊತ್ತಿಗೆ ಬೆಳ್ಳಗೆ ಕಾಣುತ್ತದೆ, ಸಂಜೆಗೆ ಇನ್ನೂ ಜಾಸ್ತಿ ಕೆಂಪಾಗಿರುತ್ತದೆ, ಏಕೆಂದರೆ ಹುಳಿ ಇದ್ದ ಪೊರೆಯನ್ನೂ ಕಿತ್ತು ಉಕ್ಕನ್ನು ಬೆತ್ತಲೆ ಮಾಡಿರುತ್ತದೆ.

ಒರೆ ಬಿಟ್ಟರೆ ಹರಿತ ಮಾಡುವುದರಲ್ಲೂ ಖುಕುರಿಗಳು ಕೆಡುತ್ತವೆ. ಇದರ ಬಾಯಿ ನಮ್ಮ ಅಡುಗೆ ಚೂರಿಯಂತೆ ಎರಡು ನೇರ ಇಳಿಜಾರು ಅಲ್ಲ, ಎರಡೂ ಬದಿ ಸ್ವಲ್ಪ ಉಬ್ಬಿ ಬಂದು ಸೇರುತ್ತದೆ. ಆ ಉಬ್ಬಿನಿಂದಲೇ ಅದು ಮರದಲ್ಲಿ ಸಿಕ್ಕಿಕೊಳ್ಳದೆ ಚಕ್ಕೆ ಎಬ್ಬಿಸುವುದು. ಚಪ್ಪಟೆ ಕಲ್ಲಿನಲ್ಲಿ ಮಸೆದರೆ ಉಬ್ಬು ಹೋಗಿ ಬಾಯಿ ತೆಳ್ಳಗಾಗುತ್ತದೆ, ಮೊದಲ ಗಂಟಿಗೇ ಮಡಚುತ್ತದೆ. ತಿರುಗುವ ಸಾಣೆ ಚಕ್ರಕ್ಕಂತೂ ಕೊಡಲೇಬಾರದು. ಕಿಡಿ ಹಾರುವಷ್ಟು ಬಿಸಿಯಾದ ತೆಳು ಬಾಯಿ ಕ್ಷಣಾರ್ಧದಲ್ಲಿ ನೀಲಿಗಟ್ಟುತ್ತದೆ, ನೀಲಿಯಾದ ಜಾಗದ ಹದ ಹೋಯಿತು ಎಂದೇ ಲೆಕ್ಕ.

ಮನೆಯಲ್ಲೇ ಮಾಡುವ ಕ್ರಮ ಕಷ್ಟವಿಲ್ಲ. ಹಳೆಯ ಮೌಸ್‌ಪ್ಯಾಡ್ ಒಂದನ್ನು ಹಲಗೆಗೆ ಅಂಟಿಸಿ, ಮೇಲೆ 400 ನಂಬರಿನ ನೀರುಕಾಗದ (ಒದ್ದೆಯಾದರೂ ಹಾಳಾಗದ ಮರಳುಕಾಗದ) ಇಡಿ. ಬಾಯಿಗೆ ಮಾರ್ಕರ್ ಪೆನ್ನಿನಲ್ಲಿ ಕಪ್ಪು ಗೆರೆ ಹಚ್ಚಿಕೊಳ್ಳಿ. ಅಲಗನ್ನು ಮಲಗಿಸಿ, ಬೆನ್ನು ಮುಂದೆ ಬಾಯಿ ಹಿಂದೆ ಇರುವಂತೆ ಎಳೆಯಬೇಕು, ಬಾಯಿಯನ್ನು ಮುಂದೆ ನೂಕಿದರೆ ಕಾಗದ ಹರಿಯುತ್ತದೆ. ಮೆತ್ತನೆ ಪ್ಯಾಡು ತಗ್ಗಿ ಉಬ್ಬಿಗೆ ಹೊಂದಿಕೊಳ್ಳುತ್ತದೆ. ನಾಲ್ಕೈದು ಎಳೆತದ ನಂತರ ಕಪ್ಪು ಎಲ್ಲಿ ಹೋಗಿದೆ ನೋಡಿ: ಅಂಚಿನಿಂದ ಮೇಲೆ ಮಾತ್ರ ಹೋಗಿದ್ದರೆ ಬೆನ್ನನ್ನು ಕೂದಲೆಳೆಯಷ್ಟು ಎತ್ತಿ, ತೀರಾ ಅಂಚಿನಲ್ಲಿ ಮಾತ್ರ ಹೋಗಿದ್ದರೆ ಇಳಿಸಿ. ಇನ್ನೊಂದು ಬದಿಯ ಉದ್ದಕ್ಕೂ ಮಸೆತಕ್ಕೆ ಏಳುವ ಲೋಹದ ಸಣ್ಣ ಮುಳ್ಳು ಉಗುರಿಗೆ ತಾಗುವವರೆಗೆ ಒಂದು ಬದಿ, ಆಮೇಲೆ ಮತ್ತೊಂದು. ನಂತರ 800, 1500, ಕೊನೆಗೆ ಚರ್ಮದ ಬೆಲ್ಟಿನ ಒರಟು ಬದಿಗೆ ಲೋಹ ಹೊಳಪಿಸುವ ಹಸಿರು ಪಾಲಿಶ್ ಹಚ್ಚಿ ಹತ್ತು ಹತ್ತು ಎಳೆತ. ಕಚ್ಚಿನ ಹತ್ತಿರ ಒಳಕ್ಕೆ ಬಾಗಿದ ಭಾಗ ಪ್ಯಾಡಿಗೆ ಸಿಗುವುದಿಲ್ಲ, ಅಲ್ಲಿಗೆ ಕಾಗದವನ್ನು ಮಾರ್ಕರ್ ಪೆನ್ನಿಗೇ ಸುತ್ತಿ ಉಜ್ಜಿ.

ಒರೆಯ ಹಿಂದೆ ಎರಡು ಪುಟ್ಟ ಚೂರಿಗಳಿರುತ್ತವಲ್ಲ, ಅದರಲ್ಲಿ ಹರಿತವಾದದ್ದು ಕರ್ದಾ, ಸಣ್ಣಪುಟ್ಟ ಕೊಯ್ಯುವ ಕೆಲಸಕ್ಕೆ. ಮೊಂಡಾದದ್ದು ಚಕ್ಮಕ್. ಅದು ಹಾಳಾದ ಚೂರಿ ಎಂದು ತಿಳಿದು ಮಸೆಯಲು ಕೂರುವವರುಂಟು! ಮಡಚಿದ ಬಾಯಿಯನ್ನು ನೇರ ಮಾಡಲು ಇರುವ ಗಟ್ಟಿ ಉಕ್ಕಿನ ತುಂಡು ಅದು, ಬೆಣಚುಕಲ್ಲಿಗೆ ಹೊಡೆದು ಕಿಡಿ ಎಬ್ಬಿಸಲೂ ಆಗುತ್ತದೆ. ಕೆಲಸದ ಮಧ್ಯೆ ಬಾಯಿ ಮಡಚಿದರೆ ಚಕ್ಮಕ್ಕಿನಿಂದ ಎರಡೂ ಬದಿ ಐದಾರು ಸಲ ಒತ್ತಿ ಸವರಿದರೆ ಸಾಕು.

ಏನು ಕಡಿಯಬಹುದು? ಹಸಿ ಬಿದಿರು, ಬಾಳೆ, ಮಾವಿನ ಗೆಲ್ಲು, ಗ್ಲಿರಿಸಿಡಿಯಾ ಬೇಲಿ, ಎಲ್ಲ ಸಲೀಸು. ಏಟು ನೇರ ಅಡ್ಡಕ್ಕೆ ಬೀಳಬಾರದು, ಅರ್ಧ ಓರೆಯಾಗಿ ಬೀಳಬೇಕು. ಬೀಸು ಮೊಣಕೈಯಿಂದ, ಮಣಿಕಟ್ಟು ಕೊನೆಯಲ್ಲಿ ಮಾತ್ರ. ತೂಕ ಹೊಟ್ಟೆಯಲ್ಲಿರುವುದರಿಂದ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ತೆಂಗಿನ ಒಣ ಮಡಲು, ಕೊತ್ತಳಿಗೆ ಮಾತ್ರ ನೋಡಲು ಸುಲಭ, ಕಡಿದರೆ ಬಾಯಿ ಬೇಗ ಮೊಂಡು. ತಾಳೆ ಜಾತಿಯ ನಾರಿನಲ್ಲಿ ಸಿಲಿಕಾದ ಕಣಗಳಿರುತ್ತವೆ. ಬೊಂಡ ಕೆತ್ತಬಹುದು, ಆದರೆ ಅದರ ರಸ ಅಲಗನ್ನು ನಿಮಿಷಗಳಲ್ಲಿ ಕಪ್ಪು ಮಾಡುತ್ತದೆ. ಹಲಸಿಗೆ ಮೊದಲು ಅಲಗಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ, ಮೆಟ್ಟುಕತ್ತಿಗೆ ಹಚ್ಚುವ ಹಾಗೆ. ತೆಂಗಿನಕಾಯಿ ಒಡೆಯಲು ಬೆನ್ನನ್ನು ಬಳಸಿ, ಬಾಯಿಯನ್ನಲ್ಲ. ಗೆರಟೆಯಲ್ಲಿ ಸಿಕ್ಕಿದ ಅಲಗನ್ನು ತಿರುಚಿ ಬಿಡಿಸಲು ಹೋದಾಗಲೇ ಬಾಯಿಯಿಂದ ಅರ್ಧಚಂದ್ರದಂಥ ಚೂರು ಹಾರುವುದು. ಬೇಲಿ ಸವರುವಾಗ ಹಿಂದೆ ಮುರಕಲ್ಲಿನ ಪಾಗಾರ ಇದೆಯೇ ನೋಡಿಕೊಳ್ಳಿ. ಒಂದು ತಪ್ಪು ಏಟಿಗೆ ಒಂದು ಮಧ್ಯಾಹ್ನದ ಮಸೆತ ದಂಡ.

ಹಿಡಿಯ ವಿಷಯ ಚಿಕ್ಕದು. ಲಾಹಾ ಬಿಸಿಗೆ ಮೆತ್ತಗಾಗುತ್ತದೆ, ಏಪ್ರಿಲ್, ಮೇ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಹಿಡಿ ಅಲ್ಲಾಡತೊಡಗುತ್ತದೆ. ಸಣ್ಣ ಸಂದಿಯಾದರೆ ಅಲಗನ್ನು ಕೆಳಮುಖ ಮಾಡಿ, ಹಿಡಿಯ ತುದಿಯ ರಂಧ್ರ ಕಾಣುವಂತಿದ್ದರೆ ಅಲ್ಲಿಂದ, ಇಲ್ಲವೇ ಮೇಲ್ಮುಖ ಮಾಡಿ ಹಿತ್ತಾಳೆಯ ಸಂದಿಯಿಂದ, ನಿಧಾನಕ್ಕೆ ಒಣಗುವ ಅರಾಲ್ಡೈಟ್ ಇಳಿಸಿ 24 ಗಂಟೆ ಮುಟ್ಟದೆ ಬಿಡಿ. ಎಮ್ಮೆ ಕೊಂಬಿನ ಹಿಡಿ ನೋಡಲು ಚಂದ, ಆದರೆ ಒಣ ಹವೆಗೆ ಸೀಳುತ್ತದೆ, ಕೊಂಬು ಕೊರೆಯುವ ಹುಳವೂ ಬರುತ್ತದೆ. ನಮ್ಮ ಕಡೆಗೆ ಶೀಶಮ್ ಹಿಡಿಯೇ ವಾಸಿ.

ಕಾನೂನಿನ ಬಗ್ಗೆಯೂ ಒಂದಿಷ್ಟು. ಶಸ್ತ್ರಾಸ್ತ್ರ ನಿಯಮಗಳ ಪಟ್ಟಿ ಖುಕುರಿಯನ್ನು ಹೆಸರಿಟ್ಟೇ ಹೇಳುತ್ತದೆ: ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದು, ಮನೆ ಅಥವಾ ಕೃಷಿ ಬಳಕೆಗೆಂದು ಮಾಡಿದ್ದಲ್ಲದಿದ್ದರೆ ಅದು ಆಯುಧದ ಲೆಕ್ಕ. ಹಿತ್ತಲ ಕೆಲಸಕ್ಕೆ ಮನೆಯಲ್ಲಿ ಇಟ್ಟುಕೊಳ್ಳುವುದು ಬೇರೆ, ಬೈಕಿನಲ್ಲಿ ಸಿಕ್ಕಿಸಿಕೊಂಡು ಪೇಟೆ ಸುತ್ತುವುದು ಬೇರೆ. ಚುನಾವಣೆಯ ದಿನಗಳಲ್ಲಿ, ನಿಷೇಧಾಜ್ಞೆ ಇರುವಾಗ ಹೊರಗೆ ಒಯ್ಯಲೇಬೇಡಿ. ಬಜ್ಪೆಗೆ ವಿಮಾನದಲ್ಲಿ ತರುವುದಾದರೆ ಕೈಚೀಲದಲ್ಲಿ ಅಲ್ಲ, ಚೆಕ್-ಇನ್ ಸಾಮಾನಿನಲ್ಲಿ, ಬಾಯಿಗೆ ದಪ್ಪ ರಟ್ಟು ಕಟ್ಟಿ. ಕೊಂಡ ರಶೀದಿ ಜೊತೆಗಿರಲಿ.

ಮಳೆ ಬಿಟ್ಟ ಮೇಲಿನ ವಾರ್ಷಿಕ ಸರ್ವಿಸಿಗೆ ಆಯುಧಪೂಜೆಯ ಹಿಂದಿನ ದಿನ ಹೇಳಿ ಮಾಡಿಸಿದ್ದು: ಮೇಣದ ಲೇಪ ಬಿಸಿ ಬಟ್ಟೆಯಲ್ಲಿ ಒರೆಸಿ ತೆಗೆದು, ಕಲೆ ನೋಡಿ, ಮಸೆದು, ಒರೆ ಒಣಗಿದೆಯೇ ಎಂದು ಮೂಗಿನಿಂದ ಪರೀಕ್ಷಿಸಿ ಮತ್ತೆ ಜೊತೆ ಮಾಡಬಹುದು. ನೇಪಾಳದಲ್ಲೂ ದಶೈಂ ಹಬ್ಬದ ನವಮಿಯಂದು ಆಯುಧ, ಉಪಕರಣಗಳಿಗೆ ಪೂಜೆ. ಪ್ರಾಣಿಬಲಿ ಕೊಡದವರು ಅಲ್ಲಿ ಕಡಿಯುವುದೂ ನಮ್ಮ ಹಾಗೆ ಬೂದುಗುಂಬಳವನ್ನೇ. ಕುಂಬಳ ಕಡಿದ ಅಲಗನ್ನು ಆ ಕೂಡಲೇ ತೊಳೆದು ಒಣಗಿಸಿ. ಗಂಧ, ಕುಂಕುಮವನ್ನು ಅಲಗಿಗೆ ಹಚ್ಚದೆ ಹಿಡಿಯ ಹಿತ್ತಾಳೆಗೋ ಒರೆಗೋ ಹಚ್ಚಿ, ಒದ್ದೆ ಹೂವನ್ನು ಬೆಳಗಿನವರೆಗೆ ಅಲಗಿನ ಮೇಲೆ ಬಿಡಬೇಡಿ. ಸೇವಂತಿಗೆಯ ಆಕಾರದಲ್ಲೇ ತುಕ್ಕಿನ ಅಚ್ಚು ಬಿದ್ದರೆ 600ರ ಕಾಗದಕ್ಕೆ ಮತ್ತೆ ಅರ್ಧ ಗಂಟೆ ಕೆಲಸ.